ನಿಶ್ಚಿತಾರ್ಥದ ಉಂಗುರ ಯಾರದು? : ರಾಮನಗರ ಸೀಮೆಯ ಒಪ್ಪುವೀಳ್ಯ, ತೆರ ಮತ್ತು ಸ್ತ್ರೀಧನ – ಒಂದು ಚಾರಿತ್ರಿಕ ವಿವೇಚನೆ

ಪೀಠಿಕೆ

ಕರ್ನಾಟಕದ ವಿವಾಹ ಪದ್ಧತಿಗಳನ್ನು ಕುರಿತ ಅಧ್ಯಯನಗಳು ಧಾರೆ, ಮಾಂಗಲ್ಯಧಾರಣೆ, ಸಪ್ತಪದಿಗಳಿಗೆ ನೀಡಿರುವಷ್ಟು ಗಮನವನ್ನು ನಿಶ್ಚಿತಾರ್ಥಕ್ಕೆ ನೀಡಿಲ್ಲ. ನಿಶ್ಚಯವಾಗಿ ನಿಂತುಹೋದ ಮದುವೆಗಳಿಗಂತೂ ಇತಿಹಾಸದಲ್ಲಿ ಸ್ಥಾನವೇ ಇಲ್ಲವೆಂಬಂತಿದೆ. ಆದರೆ ಆಸ್ತಿಯ ಹಕ್ಕಿನ ದೃಷ್ಟಿಯಿಂದ ನೋಡಿದಾಗ ನಿಶ್ಚಿತಾರ್ಥಕ್ಕೂ ವಿವಾಹಕ್ಕೂ ನಡುವಿನ ಅವಧಿಯು ಅತ್ಯಂತ ಸಂದಿಗ್ಧವಾದುದು. ಆ ಅವಧಿಯಲ್ಲಿ ವಸ್ತುಗಳು ಕೈ ಬದಲಾಗಿರುತ್ತವೆ. ಸಂಬಂಧವು ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಸೀರೆ, ಒಡವೆ, ಉಂಗುರ, ಹಣ ಇವೆಲ್ಲ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಮೇಲೆ ಮಾತು ಮುರಿದರೆ ಅವು ಯಾರ ಸ್ವತ್ತು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಧರ್ಮಶಾಸ್ತ್ರಕಾರರು ಒಂದು ಬಗೆಯಾಗಿಯೂ, ಕುಲದ ಹಿರಿಯರು ಇನ್ನೊಂದು ಬಗೆಯಾಗಿಯೂ, ಆಧುನಿಕ ನ್ಯಾಯಾಲಯಗಳು ಮತ್ತೊಂದು ಬಗೆಯಾಗಿಯೂ ಉತ್ತರ ನೀಡಿವೆ.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಒಳಗೊಂಡ ಸೀಮೆಯನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಈ ಉತ್ತರಗಳ ಬೆಳವಣಿಗೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಹಿಂದೆ ಬೆಂಗಳೂರು ಜಿಲ್ಲೆಗೂ 1986ರ ನಂತರ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಸೇರಿದ್ದ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡವು; 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಇಡಲಾಯಿತು. ರಾಮನಗರವು ಒಮ್ಮೆ ಕ್ಲೋಸ್‌ಪೇಟೆಯಾಗಿದ್ದುದು, ಕನಕಪುರವು ಕಾನಕಾನಹಳ್ಳಿಯಾಗಿದ್ದುದು ಸುವಿದಿತ. ರಾಗಿ, ಹಿಪ್ಪುನೇರಳೆ ಮತ್ತು ರೇಷ್ಮೆ ಈ ಸೀಮೆಯ ಬದುಕಿನ ಆಧಾರಗಳು. ಗಂಗಡಿಕಾರ ಒಕ್ಕಲಿಗರೇ ಮೊದಲಾದ ಬೇಸಾಯಗಾರ ಸಮುದಾಯಗಳು, ಕುರುಬರು, ಲಿಂಗಾಯತರು, ಪರಿಶಿಷ್ಟ ಜಾತಿಗಳವರು, ರೇಷ್ಮೆ ಬಿಚ್ಚಾಣಿಕೆ ಹಾಗೂ ಬೊಂಬೆ ಕಸುಬುಗಳಲ್ಲಿ ತೊಡಗಿರುವ ಮುಸ್ಲಿಮರು ಇಲ್ಲಿ ಒಟ್ಟಿಗೆ ಬಾಳಿದ್ದಾರೆ. ಆದುದರಿಂದ ಒಂದೇ ಪ್ರಶ್ನೆಗೆ ಹಲವು ಸಂಪ್ರದಾಯಗಳು ಕೊಟ್ಟ ಉತ್ತರಗಳನ್ನು ಹೋಲಿಸಿ ನೋಡಲು ಈ ಸೀಮೆ ಅನುಕೂಲವಾದ ಕ್ಷೇತ್ರವಾಗಿದೆ.

ಮಿತಾಕ್ಷರದಲ್ಲಿ ಉಂಗುರದ ಪ್ರಸ್ತಾಪ

ನಿಶ್ಚಿತಾರ್ಥದ ಉಂಗುರವು ಪಾಶ್ಚಾತ್ಯ ಸಂಪರ್ಕದಿಂದ ಬಂದ ಆಚರಣೆಯೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ವಧೂವರರು ಸಭೆಯಲ್ಲಿ ಪರಸ್ಪರ ಉಂಗುರ ತೊಡಿಸುವ ಇಂದಿನ ವಿಧಿಗೆ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಆದರೆ ವರನು ವಾಗ್ದಾನದ ಸಮಯದಲ್ಲಿ ಕನ್ಯೆಗೆ ಉಂಗುರ ಕೊಡುವುದು, ಆ ಮದುವೆ ನಡೆಯದಿದ್ದರೆ ಅದರ ಗತಿಯೇನೆಂಬ ಚರ್ಚೆ ಇವೆರಡೂ ಕನ್ನಡ ನಾಡಿನಲ್ಲಿಯೇ ರಚಿತವಾದ ಒಂದು ಶಾಸ್ತ್ರಗ್ರಂಥದಲ್ಲಿ ದೊರೆಯುತ್ತವೆ ಎಂಬುದು ಗಮನಾರ್ಹ. ಅದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನ.

ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದ ದಾಯವಿಭಾಗ ಪ್ರಕರಣದಲ್ಲಿ ಈ ವಿಷಯಕ್ಕೆ ಎರಡು ನಿಯಮಗಳನ್ನು ವಿಧಿಸುತ್ತಾನೆ. ಕನ್ಯೆಯನ್ನು ಕೊಡುವುದಾಗಿ ಮಾತು ಕೊಟ್ಟು ಹಿಂದೆಗೆದವನು ದಂಡನಾರ್ಹನು; ವರನು ಮಾಡಿದ ವೆಚ್ಚವನ್ನು ಅವನು ಬಡ್ಡಿಸಹಿತ ತೆರಬೇಕು. ಮಾತಾದ ಮೇಲೆ ಕನ್ಯೆಯೇ ತೀರಿಕೊಂಡರೆ, ಎರಡೂ ಕಡೆಯ ವೆಚ್ಚವನ್ನು ಲೆಕ್ಕಹಾಕಿ ತೀರಿಸಿ ಉಳಿದುದನ್ನು ವರನು ಹಿಂದೆ ಪಡೆಯಬಹುದು. ಹಾಗೆ ಹಿಂದೆ ಪಡೆಯಬಹುದಾದ ವಸ್ತುಗಳನ್ನು ವಿವರಿಸುವಾಗ ವಿಜ್ಞಾನೇಶ್ವರನು ಮೊಟ್ಟಮೊದಲು ಹೆಸರಿಸುವುದು ಉಂಗುರವನ್ನೇ. ವರನು ಕೊಟ್ಟ ಉಂಗುರ ಮೊದಲಾದ ಉಡುಗೊರೆ ಹಾಗೂ ಶುಲ್ಕ ವರನಿಗೆ ಮರಳುತ್ತವೆ. ಆದರೆ ತಾಯಿಯ ತಂದೆ ಮೊದಲಾದ ಬಂಧುಗಳು ಆಕೆಗೆ ಕೊಟ್ಟ ತಲೆಯ ಆಭರಣಾದಿಗಳು ಆಕೆಯ ಒಡಹುಟ್ಟಿದ ಸೋದರರಿಗೆ ಸೇರುತ್ತವೆ.

ಈ ವಿಧಿಯಲ್ಲಿ ಮೂರು ತತ್ತ್ವಗಳು ಅಡಗಿವೆ. ಮೊದಲನೆಯದಾಗಿ, ವಸ್ತುವಿನ ಒಡೆತನವು ಅದು ಯಾರ ಕೈಯಲ್ಲಿದೆ ಎಂಬುದರಿಂದ ನಿರ್ಧಾರವಾಗದೆ, ಯಾವ ಕಡೆಯಿಂದ, ಯಾವ ಉದ್ದೇಶಕ್ಕಾಗಿ ಬಂದಿತು ಎಂಬುದರಿಂದ ನಿರ್ಧಾರವಾಗುತ್ತದೆ. ಎರಡನೆಯದಾಗಿ, ವರನು ಕೊಟ್ಟ ಉಂಗುರವು ವಿವಾಹ ನಡೆಯುವವರೆಗೆ ಷರತ್ತಿಗೊಳಪಟ್ಟ ದಾನ. ಮೂರನೆಯದಾಗಿ, ಮರಳಿ ಪಡೆಯುವವನೂ ಎದುರು ಪಕ್ಷದ ವೆಚ್ಚವನ್ನು ಮರೆಯುವಂತಿಲ್ಲ. ಮಾತು ಮುರಿದವನ ತಪ್ಪನ್ನು ಎಣಿಕೆಗೆ ತೆಗೆದುಕೊಂಡರೂ ಶಾಸ್ತ್ರವು ಅದನ್ನು ಕುರುಡಾಗಿ ಅನ್ವಯಿಸುವುದಿಲ್ಲ. ಸಕಾರಣವಾಗಿ ಹಿಂದೆಗೆದ ತಂದೆಗೆ ದಂಡವಿಲ್ಲವೆಂದು ಮಿತಾಕ್ಷರ ಹೇಳುತ್ತದೆ. ಹೆಚ್ಚು ಯೋಗ್ಯನಾದ ವರನು ಬಂದರೆ ಕೊಟ್ಟ ಮಾತನ್ನೂ ಹಿಂತೆಗೆದುಕೊಳ್ಳಬಹುದೆಂದು ಆಚಾರಾಧ್ಯಾಯದಲ್ಲಿ ಯಾಜ್ಞವಲ್ಕ್ಯನೇ ಅವಕಾಶ ನೀಡಿದ್ದಾನೆ. ವರಣವು ಪಾಣಿಗ್ರಹಣಕ್ಕಿಂತ ಹಿಂದಿನದಾದ್ದರಿಂದ ದೋಷ ಕಂಡುಬಂದಲ್ಲಿ ಅದು ಸ್ಥಿರವಲ್ಲವೆಂಬುದು ನಾರದನ ಮತ. ಏಳನೆಯ ಹೆಜ್ಜೆಯಲ್ಲಿ ವಿವಾಹವು ಪೂರ್ಣವಾಗುತ್ತದೆಂಬ ಮನುವಿನ ನಿಲುವಿಗೂ ಇದಕ್ಕೂ ವಿರೋಧವಿಲ್ಲ.

ಆದರೆ ಈ ಇಡೀ ಚರ್ಚೆಯಲ್ಲಿ ಕನ್ಯೆಯ ಇಚ್ಛೆಗೆ ಸ್ಥಾನವಿಲ್ಲ. ಉಂಗುರ ಆಕೆಯ ಬೆರಳಿನಲ್ಲಿದೆ. ವ್ಯವಹಾರ ಮಾತ್ರ ವರನಿಗೂ ಆಕೆಯ ತಂದೆಗೂ ನಡುವಿನದು. ಆಕೆ ಬದುಕಿದ್ದು ತಾನೇ ಒಲ್ಲೆನೆಂದರೆ ಉಂಗುರದ ಗತಿಯೇನೆಂಬ ಪ್ರಶ್ನೆಯನ್ನು ಅಲ್ಲಿ ಎತ್ತಿಯೇ ಇಲ್ಲ. ಈ ಮೌನವು ಮುಂದಿನ ಎಂಟುನೂರು ವರ್ಷಗಳವರೆಗೂ ಮುಂದುವರಿಯಿತು.

ಕನ್ಯಾಶುಲ್ಕದ ವಿರೋಧ : ಒಂದು ಶಾಸನಾಧಾರ

ಬಿ.ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ತಾಲ್ಲೂಕುಗಳ ಶಾಸನಗಳೂ ಸೇರಿವೆ. ಕಲ್ಲಿನಲ್ಲಿ ಕೆತ್ತಿಸಿದುದು ಬಹುಪಾಲು ಭೂಮಿ, ಕೆರೆ, ದೇವಾಲಯಗಳಿಗೆ ಸಂಬಂಧಿಸಿದ ಸಾರ್ವಜನಿಕ ದಾನಗಳನ್ನು. ಮನೆಯ ಒಳಗಿನ ಕೊಡುಕೊಳ್ಳುವಿಕೆಗೆ ಕಲ್ಲಿನ ಸಾಕ್ಷಿ ಸಿಗುವುದು ವಿರಳ. ಅಂತಹ ವಿರಳ ಸಾಕ್ಷಿಯೊಂದು ಈ ಸೀಮೆಯ ಹೊರಗೆ, ವೆಲ್ಲೂರಿನ ಬಳಿಯ ವಿರಿಂಚಿಪುರದಲ್ಲಿದೆ. ವಿಜಯನಗರದ ಇಮ್ಮಡಿ ದೇವರಾಯನ ಕಾಲದ, 1425–26ರ ಈ ಶಾಸನದಂತೆ ಪಡೈವೀಡು ರಾಜ್ಯದ ಕನ್ನಡಿಗ, ತಮಿಳ, ತೆಲುಗ ಮತ್ತು ಲಾಟ ಬ್ರಾಹ್ಮಣರು ಸಭೆ ಸೇರಿ, ಇನ್ನು ಮುಂದೆ ಹೆಣ್ಣನ್ನು ಕನ್ಯಾದಾನವಾಗಿಯೇ ಕೊಡತಕ್ಕದ್ದೆಂದು ಒಪ್ಪಂದ ಮಾಡಿಕೊಂಡರು. ಹೊನ್ನು ಪಡೆದು ಹೆಣ್ಣು ಕೊಡುವವರೂ ಹೊನ್ನು ಕೊಟ್ಟು ಮದುವೆಯಾಗುವವರೂ ರಾಜದಂಡಕ್ಕೂ ಸಮಾಜದ ಬಹಿಷ್ಕಾರಕ್ಕೂ ಗುರಿಯಾಗತಕ್ಕದ್ದೆಂದು ಅಲ್ಲಿ ವಿಧಿಸಲಾಗಿದೆ.

ನಿಷೇಧವು ಇರುವಲ್ಲಿ ಆಚರಣೆಯೂ ಇದ್ದಿರಲೇಬೇಕು. ಮನುಸ್ಮೃತಿಯ ಆಕ್ಷೇಪಣೆಯ ನಂತರವೂ, ಬ್ರಾಹ್ಮಣರಲ್ಲಿಯೇ ಕನ್ಯಾಶುಲ್ಕವು ಹದಿನೈದನೆಯ ಶತಮಾನದಲ್ಲಿ ಒಪ್ಪಂದದ ಮೂಲಕ ತಡೆಯಬೇಕಾದಷ್ಟು ಬಳಕೆಯಲ್ಲಿತ್ತೆಂದು ಈ ಶಾಸನದಿಂದ ತಿಳಿದುಬರುತ್ತದೆ. ಬೇಸಾಯಗಾರ ಹಾಗೂ ಕಸುಬುದಾರ ಸಮುದಾಯಗಳಲ್ಲಿ ಅದು ಯಾವ ಕಳಂಕವೂ ಇಲ್ಲದ ಬಹಿರಂಗ ಪದ್ಧತಿಯಾಗಿತ್ತು. ಅದರ ಕನ್ನಡ ಹೆಸರೇ ‘ತೆರ’.

ಒಪ್ಪುವೀಳ್ಯ ಮತ್ತು ತೆರ

1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣ, ರಾಮಗಿರಿ, ಮಾಗಡಿಗಳ ಮೂಲಕ ಹಾದುಹೋದನು. ಚನ್ನಪಟ್ಟಣದ ಗಾಜಿನ ಬಳೆ ಹಾಗೂ ವಾದ್ಯಗಳ ಉಕ್ಕಿನ ತಂತಿಗಳನ್ನು ವರ್ಣಿಸಿದ ಅವನ ಪ್ರವಾಸ ವರದಿಯಲ್ಲಿ ಹಲವು ಕುಲಗಳ ವಿವಾಹ ನಿಯಮಗಳೂ, ಹೆಣ್ಣಿನ ತಂದೆತಾಯಿಗಳಿಗೆ ಹಣ ಕೊಡುವ ಪದ್ಧತಿಯೂ ದಾಖಲಾಗಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಜನಾಂಗ ಸಮೀಕ್ಷೆಯನ್ನು ಕೈಗೊಂಡ ಎಚ್.ವಿ. ನಂಜುಂಡಯ್ಯನವರು ಈ ವಿಷಯವನ್ನು ಇನ್ನೂ ಕ್ರಮಬದ್ಧವಾಗಿ ಸಂಗ್ರಹಿಸಿದರು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾಗಿಯೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿಯೂ ನೇಮಕಗೊಂಡ ಅವರ ಈ ಸಾಮಗ್ರಿಯನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು.

ಹಳೆಯ ಮೈಸೂರಿನ ಬೇಸಾಯಗಾರ ಕುಲಗಳಲ್ಲಿ ಸಂಬಂಧವನ್ನು ಕಟ್ಟುತ್ತಿದ್ದುದು ಉಂಗುರವಲ್ಲ, ವೀಳ್ಯ. ಗಂಡಿನ ಕಡೆಯವರು ಎಲೆ, ಅಡಿಕೆ, ತೆಂಗಿನಕಾಯಿ, ಸೀರೆ, ಕುಪ್ಪಸಗಳೊಡನೆ ಬಂದು, ಎರಡೂ ಕಡೆಯ ಹಿರಿಯರ ಮತ್ತು ಕುಲಸ್ಥರ ಎದುರಿನಲ್ಲಿ ವೀಳ್ಯವನ್ನು ಬದಲಾಯಿಸಿಕೊಂಡರೆ ಅದೇ ಒಪ್ಪುವೀಳ್ಯ. ಎಲೆ-ಅಡಿಕೆಗೆ ಬೆಲೆ ಅಲ್ಪ. ಆದರೆ ಅದನ್ನು ನೋಡಿದ ಕಣ್ಣುಗಳಿಗೆ ಬೆಲೆ ಹೆಚ್ಚು. ಬರಹವಿಲ್ಲದ ಸಮಾಜದಲ್ಲಿ ಸಾಕ್ಷಿಗಳೇ ದಸ್ತಾವೇಜು. ವೀಳ್ಯ ಬದಲಾದ ಮೇಲೆ ಮಾತಿಗೆ ತಪ್ಪುವುದು ಕುಲದ ಯಜಮಾನರ, ಕಟ್ಟೆಮನೆಯ ಎದುರು ಉತ್ತರ ಹೇಳಬೇಕಾದ ವಿಷಯವಾಗಿತ್ತು.

ತೆರವು ಮದುವೆಯ ಸಂದರ್ಭದಲ್ಲಿ ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ಸಲ್ಲಿಸುತ್ತಿದ್ದ ಹಣ. ಅದರ ಮೊತ್ತವು ಆಯಾ ಕುಲದಲ್ಲಿ ರೂಢಿಯಿಂದ ಗೊತ್ತಾಗಿರುತ್ತಿತ್ತು. ಕೂಡಿಕೆ ಅಥವಾ ಸೀರೆ ಉಡಿಕೆಯ ಮೂಲಕ ವಿಧವೆಯು ಮರುಮದುವೆಯಾದಾಗ ತೆರ ಕಡಿಮೆ. ಹೆಂಡತಿಯು ಗಂಡನನ್ನು ಬಿಟ್ಟು ಬೇರೊಬ್ಬನನ್ನು ಕೂಡಿಕೊಂಡರೆ ಮೊದಲ ಗಂಡನು ಕೊಟ್ಟ ತೆರವನ್ನೂ ಮದುವೆಯ ಖರ್ಚನ್ನೂ ಮರಳಿಸುವ ಪದ್ಧತಿ ಹಲವು ಕುಲಗಳಲ್ಲಿತ್ತು. ಅಂದರೆ ತೆರವು ಒಂದು ಬಗೆಯ ಲೆಕ್ಕದ ಹಣ. ಸಂಬಂಧ ಇರುವವರೆಗೆ ಅದು ಹೆಣ್ಣಿನ ತಂದೆಯ ಬಳಿ ಉಳಿಯುತ್ತದೆ. ಸಂಬಂಧ ಕಳಚಿದಾಗ ಲೆಕ್ಕ ಚುಕ್ತವಾಗಬೇಕು. ಮಿತಾಕ್ಷರದ ಹೆಸರನ್ನೂ ಕೇಳಿರದ ಹಳ್ಳಿಯ ಹಿರಿಯರು ಅನುಸರಿಸುತ್ತಿದ್ದ ನಿಯಮಕ್ಕೂ ವಿಜ್ಞಾನೇಶ್ವರನ ವಿಧಿಗೂ ಇಲ್ಲಿ ಇರುವ ಸಾಮ್ಯ ಕುತೂಹಲಕರವಾಗಿದೆ. ಶಾಸ್ತ್ರವೇ ರೂಢಿಯನ್ನು ನೋಡಿ ಬರೆದುದಾಗಿರುವ ಸಾಧ್ಯತೆಯನ್ನು ಇದು ಸೂಚಿಸುತ್ತದೆ.

ಈ ಪದ್ಧತಿಯಲ್ಲಿ ವಸ್ತುಗಳನ್ನು ಮರಳಿಸುವ ಕ್ರಿಯೆಗೆ ಆರ್ಥಿಕ ಮುಖವಲ್ಲದೆ ಇನ್ನೊಂದು ಮುಖವೂ ಇತ್ತು. ಕೊಟ್ಟದ್ದು ಮರಳಿತೆಂದರೆ ಮಾತು ಬಿಡುಗಡೆಯಾಯಿತು. ಹೆಣ್ಣು ಬೇರೊಂದು ಮನೆಗೆ ವೀಳ್ಯ ಪಡೆಯಬಹುದು; ಗಂಡು ಬೇರೊಂದು ಹೆಣ್ಣನ್ನು ನೋಡಬಹುದು. ಮರಳಿಸದ ಸೀರೆ, ಮರಳಿಸದ ಒಡವೆ ಮುಂದಿನ ಸಂಬಂಧಕ್ಕೆ ತೊಡಕು. ಹೀಗಾಗಿ ಹೆಣ್ಣಿನ ಕಡೆಯವರು ವಸ್ತುವಿನ ಮೇಲೆ ಹಕ್ಕು ಸಾಧಿಸುವುದಕ್ಕಿಂತ ಅದನ್ನು ಬೇಗನೆ ಹಿಂದಿರುಗಿಸಿ ಮಗಳನ್ನು ಬಿಡಿಸಿಕೊಳ್ಳುವುದೇ ಲೇಸೆಂದು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಕಾನೂನಿನ ವಾದಕ್ಕೆ ನಿಲುಕದ ಈ ಸಂಗತಿಯನ್ನು ಮುಂದಿನ ಬೆಳವಣಿಗೆಗಳನ್ನು ಪರಿಶೀಲಿಸುವಾಗಲೂ ನೆನಪಿನಲ್ಲಿಡಬೇಕಾಗುತ್ತದೆ.

ಈ ಸೀಮೆಯ ಮುಸ್ಲಿಮರಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಮೆಹರ್ ವಧುವಿಗೇ ಸಲ್ಲುವ ಹಕ್ಕು. ಅದು ಹುಟ್ಟುವುದು ನಿಕಾಹ್‌ನಿಂದ. ಮಂಗ್ನಿಯು ನಿಕಾಹ್ ಅಲ್ಲವಾದ್ದರಿಂದ ಅದು ಮುರಿದಾಗ ಮೆಹರಿನ ಪ್ರಶ್ನೆ ಏಳುವುದಿಲ್ಲ. ಆಗ ಉಳಿಯುವುದು ಉಡುಗೊರೆಗಳ ಪ್ರಶ್ನೆ. ಹನಫಿ ನ್ಯಾಯಪಂಥದ ಪ್ರಕಾರ, ಕೊಟ್ಟ ವಸ್ತು ಇದ್ದ ಹಾಗೆಯೇ ಉಳಿದಿದ್ದರೆ ಹಿಂದೆ ಕೇಳಲು ಅವಕಾಶವಿದೆ; ಬಳಸಿ ತೀರಿಹೋದ ಅಥವಾ ನಾಶವಾದ ವಸ್ತುವಿಗೆ ಬೆಲೆ ಕೇಳುವಂತಿಲ್ಲ. ತಿಂದ ಮಿಠಾಯಿಗೆ ಲೆಕ್ಕವಿಲ್ಲ, ಉಳಿದ ಉಂಗುರಕ್ಕೆ ಲೆಕ್ಕವಿದೆ ಎಂದು ಈ ನಿಯಮವನ್ನು ಸಂಗ್ರಹಿಸಿ ಹೇಳಬಹುದು.

ನ್ಯಾಯಾಲಯಗಳ ಪ್ರವೇಶ

1810ರಲ್ಲಿ ಎಚ್.ಟಿ. ಕೋಲ್‌ಬ್ರೂಕ್ ಮಿತಾಕ್ಷರದ ದಾಯವಿಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದ ಬಳಿಕ ಕಲ್ಯಾಣದಲ್ಲಿ ಹುಟ್ಟಿದ ಆ ವ್ಯಾಖ್ಯಾನವು ಭಾರತದ ಬಹುಭಾಗದ ನ್ಯಾಯಾಲಯಗಳಿಗೆ ಆಧಾರಗ್ರಂಥವಾಯಿತು. ಬ್ರಿಟಿಷ್ ನ್ಯಾಯಾಧೀಶರ ಎದುರಿಗೆ ಬಂದ ಮೊದಲ ಸಮಸ್ಯೆ, ವಾಗ್ದಾನವನ್ನು ಒತ್ತಾಯದಿಂದ ನೆರವೇರಿಸಬಹುದೇ ಎಂಬುದು. 1875ರಲ್ಲಿ ಗಣಪತ್ ನಾರಾಯಣ ಸಿಂಗ್ ಅರ್ಜಿಯ ಪ್ರಕರಣದಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯವು, ವಾಗ್ದಾನವು ವಿವಾಹವಲ್ಲ, ಅದನ್ನು ಬಲವಂತದಿಂದ ಜಾರಿಗೊಳಿಸಲಾಗದು ಎಂಬ ನಿಲುವನ್ನು ತಳೆಯಿತು. ಮಾತು ಮುರಿದವರಿಂದ ಪರಿಹಾರವನ್ನಷ್ಟೇ ಕೇಳಬಹುದು. ಭಾರತೀಯ ಕರಾರು ಅಧಿನಿಯಮವು (1872) ಈ ಪರಿಹಾರಕ್ಕೆ ಚೌಕಟ್ಟನ್ನು ಒದಗಿಸಿತು.

ಎರಡನೆಯ ಸಮಸ್ಯೆ ಹೆಣ್ಣಿನ ತಂದೆಗೆ ಕೊಟ್ಟ ಹಣದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಪೂರ್ಣಪೀಠವು, ಮಗಳನ್ನು ಕೊಡುವುದಕ್ಕೆ ಪ್ರತಿಫಲವಾಗಿ ತಂದೆಗೆ ಹಣ ಕೊಡುವ ಒಪ್ಪಂದವು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಸಾರಿತು. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ಹಳ್ಳಿಯ ಕಟ್ಟೆಯಲ್ಲಿ ಗೌರವಯುತ ಲೆಕ್ಕವಾಗಿದ್ದ ತೆರವು ನ್ಯಾಯಾಲಯದ ದೃಷ್ಟಿಯಲ್ಲಿ ಅನೀತಿಯ ವ್ಯವಹಾರವಾಯಿತು. ಉಂಗುರ, ಒಡವೆಗಳು ಉಡುಗೊರೆಯೆಂಬ ಬೇರೆ ವರ್ಗಕ್ಕೆ ಸೇರಿದವು. ಮಿತಾಕ್ಷರದಲ್ಲಿ ಒಂದೇ ವಾಕ್ಯದಲ್ಲಿ ನಿಂತಿದ್ದ ಉಂಗುರ ಮತ್ತು ಶುಲ್ಕ ಎರಡೂ ಇಲ್ಲಿ ದಾರಿ ಬೇರೆಯಾದವು.

ಮೈಸೂರು ಸಂಸ್ಥಾನವು ಈ ಕ್ಷೇತ್ರದಲ್ಲಿ ತನ್ನದೇ ಆದ ಎರಡು ಶಾಸನಗಳನ್ನು ರೂಪಿಸಿತು. 1894ರ ಶಿಶುವಿವಾಹ ಪ್ರತಿಬಂಧಕ ರೆಗ್ಯುಲೇಷನ್ ಎಂಟು ವರ್ಷಕ್ಕೆ ಕಡಿಮೆ ವಯಸ್ಸಿನ ಬಾಲಿಕೆಯರ ವಿವಾಹವನ್ನೂ, ಐವತ್ತು ವರ್ಷ ಮೀರಿದವರು ಹದಿನಾಲ್ಕಕ್ಕೆ ಕಡಿಮೆ ವಯಸ್ಸಿನವರನ್ನು ವಿವಾಹವಾಗುವುದನ್ನೂ ನಿಷೇಧಿಸಿತು. ಮಾತು ಕೊಡುವವರು ತಂದೆತಾಯಿಗಳೇ ಆಗಿದ್ದ ಕಾಲದಲ್ಲಿ ಮಾತಿನ ವಸ್ತುವಾಗಿದ್ದ ಮಗುವಿನ ವಯಸ್ಸನ್ನು ಕಾನೂನು ಮೊದಲ ಬಾರಿಗೆ ಕೇಳಿತು. ಅದಕ್ಕಿಂತ ಮಹತ್ತ್ವದ್ದು 1933ರ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಅಧಿನಿಯಮ. ಹೆಣ್ಣಿಗೆ ಸೇರಿದ ಆಭರಣ, ಉಡುಪುಗಳನ್ನೂ ಆಕೆಗೆ ಬಂದ ಉಡುಗೊರೆಗಳನ್ನೂ ಆಕೆಯ ಸ್ತ್ರೀಧನವೆಂದು ಅದು ಸ್ಪಷ್ಟವಾಗಿ ಗುರುತಿಸಿತು. ಬ್ರಿಟಿಷ್ ಭಾರತದಲ್ಲಿ 1937ರ ಅಧಿನಿಯಮ ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಮೈಸೂರು ಈ ಹೆಜ್ಜೆಯನ್ನು ಇಟ್ಟಿತ್ತು. ಬೆರಳಿನಲ್ಲಿದ್ದ ಉಂಗುರದ ಮೇಲೆ ಬೆರಳಿನ ಒಡತಿಗೂ ಹಕ್ಕಿರಬಹುದೆಂಬ ಭಾವನೆಗೆ ಶಾಸನಬದ್ಧ ತಳಹದಿ ದೊರೆತುದು ಹೀಗೆ.

ತೆರದಿಂದ ವರದಕ್ಷಿಣೆಗೆ

1942ರಲ್ಲಿ ಮೈಸೂರಿನ ವಿವಾಹ ಮತ್ತು ಕುಟುಂಬವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದ ಎಂ.ಎನ್. ಶ್ರೀನಿವಾಸ್ ಅವರು ತೆರ ಮತ್ತು ವರದಕ್ಷಿಣೆ ಎರಡನ್ನೂ ಗಮನಿಸಿದ್ದರು. ಮುಂದೆ 1984ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಆಧುನಿಕ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದ ಮುಂದುವರಿಕೆಯೆಂದು ಭಾವಿಸಬಾರದು, ಅದು ನಗದು ಹಣ, ವಿದ್ಯೆ ಮತ್ತು ಸಂಬಳದ ನೌಕರಿಗಳ ಕಾಲದ ಹೊಸ ಸೃಷ್ಟಿ ಎಂಬ ವಾದವನ್ನು ಅವರು ಮಂಡಿಸಿದರು. ಚನ್ನಪಟ್ಟಣಕ್ಕೆ ನೆರೆಯಾದ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು, ನೀರಾವರಿ ಹಾಗೂ ಕಬ್ಬಿನ ಹಣ ಬಂದ ತರುವಾಯ ಒಕ್ಕಲು ಮನೆತನಗಳಲ್ಲಿ ವಧುದಕ್ಷಿಣೆಯು ಹಿಂದೆ ಸರಿದು ವರದಕ್ಷಿಣೆಯು ಕಾಲಿಟ್ಟುದನ್ನು 1973ರ ಗ್ರಂಥದಲ್ಲಿ ವಿವರಿಸಿದ್ದಾರೆ.

ಈ ಬದಲಾವಣೆಯು ಒಡೆತನದ ಪ್ರಶ್ನೆಯನ್ನು ತಲೆಕೆಳಗು ಮಾಡಿತು. ತೆರದ ಕಾಲದಲ್ಲಿ ಮಾತು ಮುರಿದರೆ ಹಿಂದೆ ಕೇಳುವವರು ಗಂಡಿನ ಕಡೆಯವರಾಗಿದ್ದರು. ವರದಕ್ಷಿಣೆಯ ಕಾಲದಲ್ಲಿ ಕೇಳಬೇಕಾದವರು ಹೆಣ್ಣಿನ ಕಡೆಯವರಾದರು. ಆದರೆ ಕೇಳುವ ಬಲ ಅವರಿಗೆ ಇರಲಿಲ್ಲ. ನಿಶ್ಚಿತಾರ್ಥದಂದು ವರನಿಗೆ ಹಾಕಿದ ಉಂಗುರವನ್ನೂ ಮುಂಗಡವಾಗಿ ಕೊಟ್ಟ ಹಣವನ್ನೂ ಹಿಂದೆ ಕೇಳಿದರೆ, ಮಗಳಿಗೆ ಹೇಳಿದ್ದ ಸಂಬಂಧ ಮುರಿಯಿತೆಂಬ ಸುದ್ದಿ ಊರೂರಿಗೂ ಹರಡುತ್ತದೆಂಬ ಅಂಜಿಕೆ. ಗೂಡಿನ ಬೆಳೆ ಕೈಕೊಟ್ಟ ವರ್ಷ ಸಾಲ ಮಾಡಿ ಚಿನ್ನ ಕೊಂಡ ರೇಷ್ಮೆ ಬೆಳೆಗಾರನಿಗೆ ಆ ಉಂಗುರದ ಬೆಲೆ ಸಣ್ಣದಲ್ಲ. ದಾವೆ ಹೂಡುವುದಕ್ಕೆ ತಗಲುವ ವೆಚ್ಚ ಮತ್ತು ಕಾಲಕ್ಕೆ ಹೋಲಿಸಿದರೆ ಅದು ದೊಡ್ಡದೂ ಅಲ್ಲ. ಇಂತಹ ವಿವಾದಗಳು ಬಹುಮಟ್ಟಿಗೆ ಹಿರಿಯರ ಪಂಚಾಯಿತಿಯಲ್ಲಿಯೇ ಮುಗಿಯುವುದಕ್ಕೆ, ಕಾನೂನು ವರದಿಗಳಲ್ಲಿ ಅವುಗಳ ಕುರುಹು ವಿರಳವಾಗಿರುವುದಕ್ಕೆ ಇದೇ ಕಾರಣವೆನ್ನಬಹುದು.

ಈ ಅಸಮತೆಗೆ ಪ್ರತಿಕ್ರಿಯೆಯಾಗಿ ಚಿನ್ನದ ಕೊಡುಕೊಳ್ಳುವಿಕೆಯನ್ನೇ ಕೈಬಿಡುವ ಪ್ರಯತ್ನಗಳೂ ನಡೆದವು. ಕುವೆಂಪು ಅವರು ರೂಪಿಸಿದ, 1966ರಲ್ಲಿ ತಮ್ಮ ಮಗನ ವಿವಾಹದಲ್ಲಿ ಆಚರಣೆಗೆ ತಂದ ಮಂತ್ರಮಾಂಗಲ್ಯ ಪದ್ಧತಿಯು ಆಡಂಬರವನ್ನೂ ವರದಕ್ಷಿಣೆಯನ್ನೂ ತಿರಸ್ಕರಿಸಿ, ವಧೂವರರ ಸ್ವಂತ ಸಂಕಲ್ಪಕ್ಕೆ ಪ್ರಾಧಾನ್ಯ ನೀಡಿತು.

ಇಂದಿನ ಕಾನೂನಿನ ಸ್ಥಿತಿ

ನಿಶ್ಚಿತಾರ್ಥದ ಉಂಗುರವು ಯಾರಿಗೆ ಸೇರುತ್ತದೆಂದು ಹೆಸರಿಸಿ ಹೇಳುವ ಅಧಿನಿಯಮ ಭಾರತದಲ್ಲಿಲ್ಲ. ಹಲವು ಕಾನೂನುಗಳ ಅಂಚುಗಳು ಸೇರುವೆಡೆಯಲ್ಲಿ ಉತ್ತರವನ್ನು ಅರಸಬೇಕಾಗಿದೆ.

1882ರ ಸ್ವತ್ತು ವರ್ಗಾವಣೆ ಅಧಿನಿಯಮದಂತೆ ಚರಸ್ವತ್ತಿನ ದಾನವು ವಸ್ತುವನ್ನು ಒಪ್ಪಿಸುವುದರಿಂದ ಪೂರ್ಣಗೊಳ್ಳುತ್ತದೆ. ದಾನಿಯ ಇಚ್ಛೆಯನ್ನು ಅವಲಂಬಿಸದ ಯಾವುದಾದರೂ ಘಟನೆ ನಡೆದಾಗ ದಾನವು ರದ್ದಾಗತಕ್ಕದ್ದೆಂದು ಉಭಯತರು ಒಪ್ಪಿದ್ದರೆ ಮಾತ್ರ ಅದನ್ನು ಹಿಂತೆಗೆದುಕೊಳ್ಳಬಹುದು. ಹಾಗಾದರೆ ನಿಶ್ಚಿತಾರ್ಥದ ಉಂಗುರದಲ್ಲಿ ಮದುವೆಯಾದರೆ ಮಾತ್ರ ಎಂಬ ಷರತ್ತು ಬಾಯಲ್ಲಿ ಹೇಳದೆಯೂ ಅಡಗಿದೆಯೇ ಎಂಬುದು ವಾದದ ತಿರುಳು. ಅಡಗಿದೆ ಎಂದರೆ ಮಿತಾಕ್ಷರದ ಮಾರ್ಗ. ಇಲ್ಲ ಎಂದರೆ ಉಂಗುರ ಪಡೆದವರದೇ ಆಗುತ್ತದೆ. ಕೊಟ್ಟವರೇ ಮದುವೆಯನ್ನು ನಿರಾಕರಿಸಿದ ಪಕ್ಷದಲ್ಲಿ ಆ ಘಟನೆ ಅವರ ಇಚ್ಛೆಯಿಂದಲೇ ಆದುದು. ಅವರು ಷರತ್ತಿನ ಮೊರೆ ಹೋಗುವುದು ಕಷ್ಟ.

1955ರ ಹಿಂದೂ ವಿವಾಹ ಅಧಿನಿಯಮದ 27ನೆಯ ಪ್ರಕರಣವು ವಿವಾಹದ ಕಾಲದಲ್ಲಿ ಬಂದ, ದಂಪತಿಗಳಿಬ್ಬರಿಗೂ ಜಂಟಿಯಾಗಿ ಸೇರಿದ ಉಡುಗೊರೆಗಳ ವಿಲೇವಾರಿಗೆ ಅವಕಾಶ ನೀಡುತ್ತದೆ. ಆದರೆ ವಿವಾಹವೇ ನಡೆಯದಿದ್ದಲ್ಲಿ ಅದು ಅನ್ವಯಿಸುವುದಿಲ್ಲ. ವಿವಾಹಾನಂತರದ ಸ್ಥಿತಿ ಬೇರೆ. 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ತ್ರೀಧನವು ಹೆಂಡತಿಯ ಸಂಪೂರ್ಣ ಸ್ವತ್ತು, ಗಂಡನ ಬಳಿ ಇದ್ದರೆ ಅದು ನಂಬಿಕೆಯಿಂದ ಒಪ್ಪಿಸಿದ ವಸ್ತುವಷ್ಟೇ ಎಂದು ತೀರ್ಪಿತ್ತಿತು. ಆದ್ದರಿಂದ ನಿಶ್ಚಿತಾರ್ಥದಂದು ಆಕೆಗೆ ತೊಡಿಸ ಉಂಗುರವು ಮದುವೆಯ ನಂತರ, ಮುಂದೆ ವಿಚ್ಛೇದನವಾದರೂ, ಆಕೆಯದೇ.

ಹೆಣ್ಣಿನ ಕಡೆಯಿಂದ ವರನಿಗೆ ಹೋದ ಉಂಗುರದ ವಿಷಯದಲ್ಲಿ 1961ರ ವರದಕ್ಷಿಣೆ ನಿಷೇಧ ಅಧಿನಿಯಮವು ಪ್ರವೇಶಿಸುತ್ತದೆ. ಕೇಳದೆ ಕೊಟ್ಟ, ನಿಯಮಾನುಸಾರ ಪಟ್ಟಿಯಲ್ಲಿ ನಮೂದಾದ ಉಡುಗೊರೆಗೆ ವಿನಾಯಿತಿ ಇದೆ. ಈ ಪಟ್ಟಿಯ ನಿಯಮಗಳು 1985ರಲ್ಲಿ ಬಂದವು. ಕೇಳಿ ಪಡೆದದ್ದು ವರದಕ್ಷಿಣೆ. ಮದುವೆಯೇ ನಡೆಯದಿದ್ದರೆ ವರದಕ್ಷಿಣೆಯ ಮಾತೆಲ್ಲಿಯದು ಎಂಬ ಆಕ್ಷೇಪಣೆಗೆ 1996ರ ಎಸ್. ಗೋಪಾಲ ರೆಡ್ಡಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಉತ್ತರ ನೀಡಿತು. ಆ ಪ್ರಕರಣದ ಆರೋಪಿಯು ಸಾಕ್ಷ್ಯದ ಕೊರತೆಯಿಂದ ಬಿಡುಗಡೆಯಾದರೂ, ವಿವಾಹಕ್ಕೆ ಮೊದಲೇ ಮಾಡಿದ ಬೇಡಿಕೆಯೂ, ಆ ವಿವಾಹ ನಡೆಯದೆ ಹೋದರೂ, ಕಾನೂನಿನ ವ್ಯಾಪ್ತಿಗೆ ಬರುತ್ತದೆಂಬ ತತ್ತ್ವವು ಸ್ಥಾಪಿತವಾಯಿತು.

ಅನ್ಯದೇಶಗಳ ನಿದರ್ಶನಗಳು

ಈ ಗೊಂದಲವು ಭಾರತಕ್ಕೆ ಮಾತ್ರ ಸೀಮಿತವಾದುದಲ್ಲ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿ.ಶ. 336ರಲ್ಲಿ ವಿಧಿಸಿದ ನಿಯಮದಂತೆ, ವಾಗ್ದಾನದಲ್ಲಿ ಮುತ್ತು ನೀಡಿ ಮದುವೆಗೆ ಮೊದಲು ವರನು ಸತ್ತರೆ ಉಡುಗೊರೆಯ ಅರ್ಧ ಕನ್ಯೆಗೆ ಉಳಿಯುತ್ತಿತ್ತು. ಮುತ್ತು ನೀಡದಿದ್ದರೆ ಎಲ್ಲವೂ ಮರಳುತ್ತಿತ್ತು. ಇಂಗ್ಲೆಂಡಿನಲ್ಲಿ 1926ರ ಕೋಹೆನ್–ಸೆಲ್ಲರ್ ಪ್ರಕರಣವು, ಸಕಾರಣವಿಲ್ಲದೆ ಮಾತು ಮುರಿದ ಗಂಡು ಉಂಗುರವನ್ನು ಹಿಂದೆ ಕೇಳುವಂತಿಲ್ಲವೆಂದು ತಪ್ಪಿನ ಆಧಾರದ ಮೇಲೆ ತೀರ್ಮಾನಿಸಿತು. 1970ರ ಅಧಿನಿಯಮವು ವಾಗ್ದಾನಭಂಗದ ದಾವೆಯನ್ನೇ ರದ್ದುಪಡಿಸಿ, ಉಂಗುರವನ್ನು ಸಂಪೂರ್ಣ ದಾನವೆಂದು ಭಾವಿಸತಕ್ಕದ್ದು, ಷರತ್ತು ಇತ್ತೆಂದು ಸಾಧಿಸುವ ಹೊಣೆ ಕೊಟ್ಟವನದು ಎಂದು ವಿಧಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1959ರಿಂದ ಅನುಸರಿಸಿಕೊಂಡು ಬಂದಿದ್ದ ತಪ್ಪಿನ ನಿಯಮವನ್ನು 2024ರ ನವೆಂಬರಿನಲ್ಲಿ ಕೈಬಿಟ್ಟು, ಮದುವೆ ನಡೆಯದಿದ್ದರೆ ಯಾರ ತಪ್ಪೆಂದು ವಿಚಾರಿಸದೆ ಉಂಗುರವನ್ನು ಕೊಟ್ಟವರಿಗೆ ಮರಳಿಸಬೇಕೆಂದಿತು. ಎರಡು ದೇಶಗಳು ಒಂದೇ ಮೂಲದ ಕಾನೂನಿನಿಂದ ಹೊರಟು ವಿರುದ್ಧ ದಿಕ್ಕಿಗೆ ತಲುಪಿದರೂ, ಪ್ರೀತಿ ಯಾರಿಂದ ಕೆಟ್ಟಿತೆಂದು ಅಳೆಯುವ ಕೆಲಸವನ್ನು ಎರಡೂ ಬಿಟ್ಟುಕೊಟ್ಟಿರುವುದು ಗಮನಿಸತಕ್ಕ ಅಂಶ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ನಿಶ್ಚಿತಾರ್ಥದ ಉಂಗುರದ ಒಡೆತನವು ಕನ್ನಡ ನಾಡಿಗೆ ಹೊಸ ಪ್ರಶ್ನೆಯಲ್ಲ. ವಿಜ್ಞಾನೇಶ್ವರನು ಅದನ್ನು ಒಂಬತ್ತು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾನೆ. ರಾಮನಗರ ಸೀಮೆಯಲ್ಲಿ ಈ ಪ್ರಶ್ನೆಯು ವೀಳ್ಯ ಮತ್ತು ತೆರದ ಘಟ್ಟ, ವರದಕ್ಷಿಣೆಯ ಘಟ್ಟ, ಇಬ್ಬರು ವ್ಯಕ್ತಿಗಳ ನಡುವಿನ ಉಂಗುರದ ಘಟ್ಟ ಎಂಬ ಮೂರು ಹಂತಗಳನ್ನು ದಾಟಿದೆ. ಮೊದಲ ಹಂತದಲ್ಲಿ ಯಾರು ಮಾತು ಮುರಿದರೆಂಬುದು ಮುಖ್ಯವಾಗಿತ್ತು. ಈಗ ಯಾರಿಗೆ, ಯಾವ ಉದ್ದೇಶದಿಂದ ಕೊಟ್ಟರೆಂಬುದು ಮುಖ್ಯವಾಗುತ್ತಿದೆ. ಮೊದಲ ಹಂತದಲ್ಲಿ ಎರಡು ಮನೆಗಳು ಕಕ್ಷಿಗಳಾಗಿದ್ದವು. ಈಗ ಹುಡುಗ ಮತ್ತು ಹುಡುಗಿ ಸ್ವತಃ ಕಕ್ಷಿಗಳು. ಮಿತಾಕ್ಷರದಲ್ಲಿ ಮೌನವಾಗಿದ್ದ ಕನ್ಯೆಯು ತಾನೇ ಒಲ್ಲೆನೆನ್ನುವ, ತಾನೇ ಉಂಗುರವನ್ನು ಮರಳಿಸುವ ಅಥವಾ ತನ್ನದೆಂದು ವಾದಿಸುವ ಹಕ್ಕನ್ನು ಪಡೆದಿರುವುದು ಈ ಇತಿಹಾಸದ ಬಹುಮುಖ್ಯ ತಿರುವು.

ಆದರೂ ಹಳೆಯ ವ್ಯವಸ್ಥೆಯಲ್ಲಿದ್ದ ಒಂದು ವಿವೇಕವನ್ನು ಹೊಸ ಕಾನೂನು ಇನ್ನೂ ಗಳಿಸಿಕೊಂಡಿಲ್ಲ. ಎರಡೂ ಕಡೆಯ ವೆಚ್ಚವನ್ನು ಒಟ್ಟಿಗೆ ಲೆಕ್ಕಹಾಕಿ ತೀರಿಸಿ, ಉಳಿದುದನ್ನು ಮರಳಿಸಬೇಕೆಂಬ ನಿಯಮವು ಶಾಸ್ತ್ರದಲ್ಲಿಯೂ ಕಟ್ಟೆಮನೆಯಲ್ಲಿಯೂ ಇತ್ತು. ಇಂದು ಗಂಡಿನ ಕಡೆಯವರ ಉಂಗುರಕ್ಕೆ ಒಂದು ಕಾನೂನು, ಹೆಣ್ಣಿನ ಕಡೆಯವರ ಉಂಗುರಕ್ಕೆ ಇನ್ನೊಂದು, ಛತ್ರದ ಬಾಡಿಗೆ ಮತ್ತು ಊಟದ ವೆಚ್ಚಕ್ಕೆ ಮತ್ತೊಂದು ಎಂಬಂತಾಗಿದೆ. ಹಳೆಯ ಪಂಚಾಯಿತಿಯಲ್ಲಿ ಹೆಣ್ಣಿಗೆ ಬಾಯಿ ಇರಲಿಲ್ಲ; ಇಂದಿನ ನ್ಯಾಯಾಲಯದಲ್ಲಿ ಬಡವನಿಗೆ ವ್ಯವಧಾನವಿಲ್ಲ. ಹೆಣ್ಣಿನ ಮಾತಿಗೆ ಸಮಾನ ಬೆಲೆಯಿರುವ, ಎರಡು ಮನೆಗಳ ಲೆಕ್ಕವನ್ನೂ ಒಂದೇ ಕೂಟದಲ್ಲಿ ಮುಗಿಸಬಲ್ಲ ವ್ಯವಸ್ಥೆಯೊಂದು ರೂಪುಗೊಳ್ಳುವವರೆಗೂ, ನಿಂತುಹೋದ ಮದುವೆಯ ಉಂಗುರವು ಕಾನೂನಿನ ದೃಷ್ಟಿಯಲ್ಲಿ ಯಾರದೇ ಆಗಿರಲಿ, ಅದರ ಭಾರವನ್ನು ಹೊರುವವರು ಹೆಚ್ಚಾಗಿ ಹೆಣ್ಣುಮಕ್ಕಳೇ ಆಗಿರುತ್ತಾರೆ.